ಕನ್ನಡಿಯಿಲ್ಲದ ಕ್ಯಾಮೆರಾ, ಎರಡನೇ ಸಾಲಿನ ಕುರ್ಚಿ

ಬ್ಯಾಟರಿ ನಡುವೆ ಕೈಕೊಡಬಹುದಿತ್ತು. ಸ್ಟ್ಯಾಂಡಿನ ಮೂರು ಕಾಲುಗಳಲ್ಲಿ ಒಂದು ಮೆಲ್ಲಗೆ ಕುಸಿದು, ಎರವಲು ತಂದ ಕ್ಯಾಮೆರಾ ಸಭಾಗೃಹದ ನೆಲಕ್ಕೆ ಸಾಷ್ಟಾಂಗ ಬೀಳಬಹುದಿತ್ತು. ಹಳಿ ದುರಸ್ತಿಯ ಭಾನುವಾರದ ಮೆಗಾಬ್ಲಾಕಿನಲ್ಲಿ ಕಲ್ಯಾಣದವರ ಲೋಕಲ್ ರೈಲು ನಿಂತು ಮೊದಲ ಸಾಲು ಖಾಲಿ ಉಳಿಯಬಹುದಿತ್ತು. ಅವರು ಬಂದರೂ, ಯಾರಿಗೆ ಯಾವ ಕುರ್ಚಿ ಎಂಬ ಮಾತಿಗೆ ಮುಖ ತಿರುಗಿಸಿಕೊಂಡು, ಫೋಟೋದಲ್ಲಿ ಬರೀ ಕಿವಿಗಳು ಮೂಡಬಹುದಿತ್ತು. ಫ್ಯಾನಿನ ಗಾಳಿಗೆ ಹಿಂದಿನ ಬ್ಯಾನರು ಕಳಚಿ ಸಂಘದ ಅಧ್ಯಕ್ಷೆಗೆ ಮುಸುಕಾಗಬಹುದಿತ್ತು. ಠಾಣೆ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಯಾರಾದರೂ ಕ್ಯಾಮೆರಾ ಚೀಲ ಕಸಿಯಬಹುದಿತ್ತು. ಯಾರೂ ಕಸಿಯದಿದ್ದರೆ ನಾನೇ ಅದನ್ನು ಶೇರ್ ರಿಕ್ಷಾದಲ್ಲಿ ಬಿಟ್ಟು ಇಳಿಯಬಹುದಿತ್ತು, ನನ್ನ ಹಿಂದಿನ ದಾಖಲೆ ನೋಡಿದರೆ ಇದೇ ಹೆಚ್ಚು ಸಂಭವ. ಫೋನಿಗೂ ಕ್ಯಾಮೆರಾಕ್ಕೂ ಮಾತು ನಿಂತುಹೋಗಬಹುದಿತ್ತು. ಇದಾವುದೂ ಆಗದಿದ್ದರೆ ನನಗೇ ಏನಾದರೂ ಆಗಬಹುದಿತ್ತು. ಐವತ್ತಮೂರು ವಯಸ್ಸು, ಗಡಿಯಲ್ಲಿ ನಿಂತಿರುವ ಸಕ್ಕರೆ, ಸದ್ದು ಮಾಡುವ ಮಂಡಿ.

ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಹೆಂಡತಿ ದಿನಸಿ ಪಟ್ಟಿ ಎಂದುಕೊಂಡು ಪೂರ್ತಿ ಓದಿದಳು.

"ಭೂಕಂಪ ಬಿಟ್ಟುಹೋಗಿದೆ," ಅಂದಳು.

ಸೇರಿಸಿದೆ.

ಇಷ್ಟೆಲ್ಲ ಗಾಬರಿಗೆ ಕಾರಣ ಬಹಳ ಸಣ್ಣದು. ನಾನು ಒಂದು ಫೋಟೋದಲ್ಲಿ ನನ್ನ ಹೆಂಡತಿಯ ಪಕ್ಕದಲ್ಲಿ ಕೂರಬೇಕಿತ್ತು.

ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಊಟಕ್ಕೆ ಮೊದಲು ಒಂದು ಸಮೂಹ ಚಿತ್ರ ತೆಗೆಯುವ ಪದ್ಧತಿ. ಊಟವಾದ ಮೇಲೆ ತೆಗೆದರೆ ಯಾರೂ ಸಿಗುವುದಿಲ್ಲ. ಕೈ ತೊಳೆದವರು ತೊಳೆದ ಹಾಗೇ ಸ್ಟೇಷನ್ನಿಗೆ ಹೊರಡುತ್ತಾರೆ. ಮೊದಲ ಸಾಲಿನಲ್ಲಿ ಸ್ಥಾಪಕ ಸದಸ್ಯರು, ಹೆಚ್ಚಿನವರು ಕಲ್ಯಾಣದವರು; ಎರಡನೇ ಸಾಲಿನಲ್ಲಿ ಸಮಿತಿಯವರು ಜೋಡಿ ಸಮೇತ, ಹಿಂದೆ ಬೆಂಚಿನ ಮೇಲೆ ನಿಂತ ಉಳಿದವರು. ಆ ಚಿತ್ರ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದೆ, ಕೆಳಗೆ ಎಡದಿಂದ ಬಲಕ್ಕೆ ಹೆಸರುಗಳು. ಹತ್ತೊಂಬತ್ತು ವರ್ಷಗಳಿಂದ ನನ್ನ ಹೆಸರು ಆ ಸಾಲಿನಲ್ಲಿಲ್ಲ. ಪುಟದ ತುದಿಯಲ್ಲಿ, ಅಚ್ಚುಕೂಟದ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ, 'ಛಾಯಾಗ್ರಹಣ' ಎಂಬ ಪದದ ಮುಂದೆ ಇದೆ. ನನ್ನ ಹೆಂಡತಿ ಮಹಿಳಾ ವಿಭಾಗದವಳು. ಅವಳು ಹತ್ತೊಂಬತ್ತು ವರ್ಷವೂ ಎರಡನೇ ಸಾಲಿನಲ್ಲಿದ್ದಾಳೆ, ಒಬ್ಬಳೇ.

ಕಳೆದ ವರ್ಷ ನೆರೂಳದಿಂದ ಹೊಸದಾಗಿ ಸೇರಿದ ಧಾರವಾಡದ ಕಡೆಯ ಹೆಂಗಸೊಬ್ಬರು ಹಳೆಯ ಸಂಚಿಕೆಗಳನ್ನೆಲ್ಲ ತಿರುವಿಹಾಕಿ, ನನ್ನ ಹೆಂಡತಿಯ ಕೈ ಹಿಡಿದುಕೊಂಡು, "ಒಬ್ಬಾಕಿನ ಮಗಳನ್ನ ಇಷ್ಟ್ ಛಲೋ ಬೆಳಸೀರಲ್ರಿ ಅಕ್ಕಾ, ಭಾಳ ಧೈರ್ಯ ನಿಮ್ಮದು," ಅಂದರಂತೆ.

ಚಪಾತಿ ಲಟ್ಟಿಸುತ್ತ ಅವಳು ಇದನ್ನು ಹೇಳಿದಾಗ ನಾನು ಹೊಟ್ಟೆ ಹಿಡಿದು ನಕ್ಕೆ. ನಗು ಮುಗಿಸಿ ನೋಡಿದರೆ ಅವಳು ನಕ್ಕಿರಲಿಲ್ಲ. ಲಟ್ಟಣಿಗೆ ಮಾತ್ರ ಜೋರಾಗಿ ಓಡುತ್ತಿತ್ತು.

"ಈ ಸಲ ನೀವು ನನ್ನ ಪಕ್ಕ ಕೂರ್ತೀರಿ," ಅಂದಳು. "ಇಲ್ಲಾಂದ್ರೆ ನಾನೂ ಕೂರಲ್ಲ. ಸಾಕಾಗಿದೆ ನನಗೆ."

ಅವಳ ಮಾತು ನ್ಯಾಯವೇ. ಆದರೆ ನನ್ನನ್ನು ಬಿಡುವವರು ಬೇಕಲ್ಲ? ಒಮ್ಮೆ ಸದಸ್ಯರೊಬ್ಬರ ಅಳಿಯನ ಕೈಗೆ ಕ್ಯಾಮೆರಾ ಕೊಟ್ಟು ಕೂರಲು ಹೋಗಿದ್ದೆ. ಅವರು ತೆಗೆದ ಚಿತ್ರದಲ್ಲಿ ಮೇಲಿನ ಫ್ಯಾನು ಮಾತ್ರ ಸ್ಪಷ್ಟವಾಗಿತ್ತು, ಸಂಘ ಮಂಜಿನಲ್ಲಿತ್ತು. ಎಲ್ಲರನ್ನೂ ಮತ್ತೆ ನಿಲ್ಲಿಸಿ ನಾನೇ ತೆಗೆದೆ. ಉಡುಪಿ ಕಡೆಯ ನಮ್ಮ ಕಾರ್ಯದರ್ಶಿ ಆವತ್ತಿನಿಂದ ಒಂದೇ ಮಾತು ಹಿಡಿದಿದ್ದಾರೆ: "ನೀವೇ ತೆಗೀಬೇಕು ಮಾರಾಯ್ರೆ. ನಿಮ್ಮ ಕೈಯೇ ಬೇರೆ." ಬೈದು ಕೂಡಿಹಾಕಿದರೆ ಬಾಗಿಲು ಒದ್ದು ಬರಬಹುದು. ಹೊಗಳಿ ಕೂಡಿಹಾಕಿದರೆ ಒಳಗಿನಿಂದ ನಾವೇ ಚಿಲಕ ಹಾಕಿಕೊಳ್ಳುತ್ತೇವೆ. ಮೂರು ವರ್ಷದ ಕೆಳಗೆ ಟೈಮರ್ ಹಾಕಿ ಓಡಿಯೂ ನೋಡಿದೆ. ಹತ್ತು ಸೆಕೆಂಡು ಸಾಲದೆ, ಸ್ಥಾಪಕ ಸದಸ್ಯರ ಕುರ್ಚಿಗಳನ್ನು ಸುತ್ತುಹಾಕುತ್ತಿದ್ದಾಗಲೇ ಅದು ಖಟಕ್ ಅಂದಿತು. ಚಿತ್ರದಲ್ಲಿ ನನ್ನ ಬೆನ್ನು ಬಂದಿದೆ, ಸಂಘ ಬಿಟ್ಟು ಓಡಿಹೋಗುತ್ತಿರುವವನ ಹಾಗೆ.

ಆ ಹಳೆಯ ಕ್ಯಾಮೆರಾ ನಾನು ಠಾಣೆಯ ವಾಗ್ಳೆ ಎಸ್ಟೇಟಿನ ಕಂಪನಿಯಲ್ಲಿದ್ದಾಗ ಕೊಂಡದ್ದು. ಈಗಿನ ನನ್ನ ಕಚೇರಿ ನವಿ ಮುಂಬೈಯ ಮಹಾಪೆಯಲ್ಲಿ. ಅಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ ಮೈಸೂರಿನವರು, ಮೂವತ್ತೈದರ ಆಸುಪಾಸು, ಇತ್ತೀಚೆಗೆ ಒಂದು ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ, ಕ್ಯಾಮೆರಾ ತೆಗೆದುಕೊಂಡಿದ್ದರು. ನನ್ನ ಕಥೆ ಕೇಳಿ ಅವರಿಗೆ ಕರುಣೆ ಬಂತು.

"ಎಂಟು ದಿನ ಇಟ್ಕೊಳ್ಳಿ ಸಾರ್. ಇದರಲ್ಲಿ ಓಡೋ ಕೆಲಸನೇ ಇಲ್ಲ. ಫೋನಲ್ಲಿ ಚಿತ್ರ ಕಾಣತ್ತೆ, ಕೂತಲ್ಲೇ ಒತ್ತೋದು."

"ಬಿದ್ದರೆ?"

"ಬೀಳಲ್ಲ ಸಾರ್."

"ಅಕಸ್ಮಾತ್ ಬಿದ್ದರೆ?"

ಅವರ ಮುಖದಲ್ಲಿ ಕರುಣೆ ಕಡಿಮೆಯಾಗುವುದು ಕಂಡಿತು. ಬೇಗ ಚೀಲ ತೆಗೆದುಕೊಂಡು ಹೊರಟೆ.

ಕಚೇರಿ ಹತ್ತಿರದ ಘನ್ಸೋಲಿ ಸ್ಟೇಷನ್ನಿನಿಂದ ಠಾಣೆಯವರೆಗೆ ಪರವಾಗಿಲ್ಲ. ಠಾಣೆಯಲ್ಲಿ ಹತ್ತಿದ ಕಲ್ಯಾಣ ಲೋಕಲ್ಲಿನಲ್ಲಿ ನನ್ನ ಕಾಲುಗಳು ನನ್ನವೇ ಎಂದು ಖಚಿತವಾಗಿ ಹೇಳಲಾರದಷ್ಟು ಜನ. ಹಳೆಯ ಕ್ಯಾಮೆರಾವನ್ನು ಇಂಥ ಗಾಡಿಯಲ್ಲಿ ಹೆಗಲಿಗೆ ಹಾಕಿಕೊಂಡು ಎಷ್ಟೋ ಸಲ ನಿದ್ದೆ ಮಾಡಿದ್ದೇನೆ; ಅದು ಯಾರಿಗಾದರೂ ತಗುಲಿದರೆ ಪೆಟ್ಟಾಗುವುದು ಅವರಿಗೇ. ಇದನ್ನು ಮಾತ್ರ ಎರಡೂ ತೋಳಿನಿಂದ ಹೊಟ್ಟೆಗೆ ಅವಚಿಕೊಂಡು ನಿಂತೆ. ಮುಂಬ್ರಾ ದಾಟುವಾಗ ಎದುರಿಗಿದ್ದವನು ನನ್ನ ಚೀಲ, ನನ್ನ ಮುಖ ಎರಡನ್ನೂ ನೋಡಿ, "ಕಾಕಾ, ಅಂಡೀ ಆಹೇತ್ ಕಾ?" ಎಂದು ಕೇಳಿದ. ಮೊಟ್ಟೆಯೇ ಎಂದು. ಹೌದು ಅಂದುಬಿಟ್ಟೆ. ಆಮೇಲೆ ಡೊಂಬಿವಲಿಯವರೆಗೂ ಸುತ್ತಲಿನವರು ನನಗೆ ಅರ್ಧ ಗೇಣು ಜಾಗ ಬಿಟ್ಟರು.

ಒಂದು ವಾರ ಎರಡೂ ಕ್ಯಾಮೆರಾಗಳು ನಮ್ಮ ಊಟದ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದವು. ಪಕ್ಷಪಾತವಿಲ್ಲದೆ ಹೋಲಿಸಬೇಕೆಂದು ನಿಶ್ಚಯಿಸಿದೆ. ತೂಕದಲ್ಲಿ ಹಳೆಯದು ಎರಡು ಸುಲಿದ ತೆಂಗಿನಕಾಯಿ, ಹೊಸದು ಒಂದೂವರೆ. ಮಸೂರ ಹಾಕಿದ ಮೇಲೆ ಸಹೋದ್ಯೋಗಿ ಹೇಳಿದಷ್ಟು ಹಗುರವೇನಲ್ಲ. ಬ್ಯಾಟರಿಯ ವಿಷಯದಲ್ಲಿ ಹಳೆಯದರ ಮುಂದೆ ಹೊಸದು ನಿಲ್ಲುವುದಿಲ್ಲ. ಹಳೆಯದು ಒಮ್ಮೆ ಉಂಡರೆ ಒಂದು ಗಣೇಶೋತ್ಸವವನ್ನೂ ಒಂದು ದಸರೆಯನ್ನೂ ಕಳೆಯುತ್ತದೆ. ಹೊಸದಕ್ಕೆ ಮಧ್ಯಾಹ್ನದೊಳಗೆ ಹಸಿವು. ಆದರೆ ಬೆಳಕು ಕಡಿಮೆಯಿದ್ದ ಅಡುಗೆಮನೆಯಲ್ಲಿ ಹಳೆಯದು ತೆಗೆದ ಚಿತ್ರ ರವೆ ಚೆಲ್ಲಿದಂತಿತ್ತು. ಹೊಸದು ಕುಕ್ಕರಿನ ಮೇಲಿನ ಹಳೇ ಕಲೆಯನ್ನೂ ಬಿಡದೆ ತೋರಿಸಿತು. ಹೆಂಡತಿಗೆ ಈ ಗುಣ ಹಿಡಿಸಲಿಲ್ಲ. ಅದು ಸದ್ದೂ ಮಾಡುವುದಿಲ್ಲವಾದ್ದರಿಂದ ತೆಗೆಯಿತೋ ಇಲ್ಲವೋ ತಿಳಿಯದೆ ಒತ್ತುತ್ತಲೇ ಇದ್ದೆ. ಆಮೇಲೆ ನೋಡಿದರೆ ಅದೇ ಕುಕ್ಕರಿನ ನಲವತ್ತೊಂದು ಚಿತ್ರ.

ನಿಜವಾದ ವ್ಯತ್ಯಾಸ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿತ್ತು. ಹಳೆಯದರ ಹೊಟ್ಟೆಯಲ್ಲೊಂದು ಕನ್ನಡಿ ಇದೆ. ಹೊರಗಿನ ಜಗತ್ತು ಆ ಕನ್ನಡಿಗೆ ಬಡಿದು ನನ್ನ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲೇಳುತ್ತದೆ, ನನಗೆ ಕತ್ತಲು. ಎಂದರೆ ಹತ್ತೊಂಬತ್ತು ವರ್ಷಗಳಲ್ಲಿ ಆ ಸಂಘದ ಎಲ್ಲ ಕ್ಷಣಗಳನ್ನೂ ನಾನು ನೋಡಿದ್ದೇನೆ, ಫೋಟೋದಲ್ಲಿರುವ ಕ್ಷಣಗಳನ್ನು ಬಿಟ್ಟು. ಹೊಸದರಲ್ಲಿ ಕನ್ನಡಿಯಿಲ್ಲ, ಕತ್ತಲೂ ಇಲ್ಲ. ಕಿಂಡಿಯೊಳಗೆ ಒಂದು ಪುಟ್ಟ ಪರದೆ; ತೆಗೆಯುವ ಮೊದಲೇ ಚಿತ್ರ ಬೆಂದು ತಯಾರಾಗಿ ತಟ್ಟೆಯಲ್ಲಿ ಕೂತಿರುತ್ತದೆ. ಮನುಷ್ಯರ ಕಣ್ಣುಗಳನ್ನು ಅದು ತಾನೇ ಹುಡುಕಿ ಸುತ್ತ ಬಿಳಿ ಚೌಕ ಹಾಕುತ್ತದೆ. ನಮ್ಮ ಕ್ಯಾಲೆಂಡರಿನ ಗಣಪತಿಯ ಕಣ್ಣಿಗೂ ಚೌಕ ಹಾಕಿತು. ಹೆಂಡತಿ ಕೈಮುಗಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಮಗಳಿಗೆ ಎರಡರ ಚಿತ್ರಗಳನ್ನೂ ತೋರಿಸಿ ಅಭಿಪ್ರಾಯ ಕೇಳಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ದೋನೋ ಸೇಮ್ ಹೀ ತೋ ಹೈ, ಪಪ್ಪಾ."

"ಈ ನೆರಳು ನೋಡು. ಎಷ್ಟು ವಿವರ ಇದೆ."

"ನೆರಳು ಕೌನ್ ದೇಖ್‌ತಾ ಹೈ?"

ನಾನು ನೋಡುತ್ತೇನೆ. ಅದೇ ತೊಂದರೆ. ಬೆಳಕು ಸರಿಯಿದೆಯೇ, ಕಣ್ಣು ಮಸುಕಾಯಿತೇ ಎಂಬ ಹಳೆಯ ಚಿಂತೆಗಳನ್ನೆಲ್ಲ ಹೊಸ ಕ್ಯಾಮೆರಾ ತಾನೇ ವಹಿಸಿಕೊಂಡಿತು ನಿಜ. ಅದರಿಂದ ನನಗೆ ಬಿಡುಗಡೆಯಾಗಲಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿದ ಬಾಡಿಗೆದಾರನ ಹಾಗೆ ಚಿಂತೆ ಸಾಮಾನು ಕಟ್ಟಿಕೊಂಡು ಪಕ್ಕದ ಬಿಲ್ಡಿಂಗಿಗೆ ಹೋಯಿತು ಅಷ್ಟೆ. ಫ್ರಿಜ್ಜಿನ ಬಾಗಿಲಿನ ಪಟ್ಟಿ ಬೆಳೆದದ್ದು ಆ ವಾರದಲ್ಲೇ. ಮಗಳು ಫೋನನ್ನೂ ಕ್ಯಾಮೆರಾವನ್ನೂ ಜೋಡಿಸಿಕೊಟ್ಟು, "ಬಸ್, ಅಬ್ ಕುಛ್ ಮತ್ ಛೂನಾ," ಎಂದು, ಇನ್ನೇನನ್ನೂ ಮುಟ್ಟದಂತೆ ಎಚ್ಚರಿಸಿ ಕಾಲೇಜಿಗೆ ಹೋದಳು.

ಆ ಭಾನುವಾರ ಸಭಾಗೃಹಕ್ಕೆ ಎರಡನ್ನೂ ಹೊತ್ತುಕೊಂಡು ಹೋದೆ. ಭಾಷಣ, ಹಾಡು, ಬಹುಮಾನಗಳಿಗೆ ಹಳೆಯದು. ಸಮೂಹ ಚಿತ್ರಕ್ಕೆ ಹೊಸದು. ಸ್ಟ್ಯಾಂಡಿನ ಮೇಲೆ ಅದನ್ನು ಕೂರಿಸುತ್ತಿದ್ದಾಗ ಕಾರ್ಯದರ್ಶಿ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದೆಂತ, ಇಷ್ಟು ಸಣ್ಣದು? ಇದರಲ್ಲಿ ನಾವೆಲ್ಲ ಹಿಡೀತೇವಾ?"

"ಹಿಡೀತೀರಿ. ಇವತ್ತು ನಾನೂ ಕೂರ್ತೀನಿ."

"ನೀವು ಕೂತ್ರೆ ತೆಗೆಯುದು ಯಾರು?"

"ನಾನೇ."

ಅವರು ನನ್ನ ಆರೋಗ್ಯದ ಬಗ್ಗೆ ಯೋಚಿಸುತ್ತಿರುವಂತೆ ತಲೆ ಆಡಿಸಿ ಹೋದರು. ಕಲ್ಯಾಣದವರು ಎಲ್ಲರೂ ಬಂದಿದ್ದರು. ಕುರ್ಚಿಯ ಬಗ್ಗೆ ಯಾರೂ ಕೊಸರಾಡಲಿಲ್ಲ. ಒಳಗಿನಿಂದ ಸಾಂಬಾರಿನ ವಾಸನೆ ಬರುತ್ತಿದ್ದುದರಿಂದ ಎಲ್ಲರಿಗೂ ಬೇಗ ಮುಗಿದರೆ ಸಾಕಾಗಿತ್ತು. ಎಲ್ಲರನ್ನೂ ಕೂರಿಸಿ, ನಿಲ್ಲಿಸಿ, ಗದ್ದ ಎತ್ತಿಸಿ, ಕೊನೆಗೆ ನನ್ನ ಹೆಂಡತಿಯ ಪಕ್ಕದ ಕುರ್ಚಿಗೆ ನುಸುಳಿದೆ. ಅವಳು ಹಸಿರು ರೇಷ್ಮೆಸೀರೆಯ ಸೆರಗನ್ನು ಸ್ವಲ್ಪ ಆಚೆ ಎಳೆದುಕೊಂಡು ನನಗೆ ಜಾಗ ಮಾಡಿದಳು.

ಕೂತ ಮೇಲೆ ಗೊತ್ತಾಯಿತು, ಅದೊಂದು ಬೋನು ಎಂದು. ಮುಂದೆ ಸ್ಥಾಪಕ ಸದಸ್ಯರ ಕುರ್ಚಿಗಳ ಬೆನ್ನು ನನ್ನ ಮಂಡಿಗೆ ಒತ್ತುತ್ತಿತ್ತು. ಹಿಂದೆ ಬೆಂಚಿನ ಮೇಲೆ ನಿಂತವರೊಬ್ಬರ ಮಂಡಿ ನನ್ನ ಕತ್ತಿಗೆ. ಬಲಗಡೆ ಕಾರ್ಯದರ್ಶಿಯವರ ತೋಳು ನನ್ನ ಕುರ್ಚಿಯ ಮೂರನೇ ಒಂದು ಭಾಗದಲ್ಲಿ ಸಂಸಾರ ಹೂಡಿತ್ತು. ಕೈಗಳನ್ನು ಎಲ್ಲಿಡುವುದೋ ತಿಳಿಯಲಿಲ್ಲ, ಉಸಿರಿಗೂ ಸರದಿ ಕಾಯಬೇಕು. ಕ್ಯಾಮೆರಾ ಹದಿನೈದು ಹೆಜ್ಜೆ ದೂರದಲ್ಲಿ ಒಂಟಿಯಾಗಿ ನಿಂತಿತ್ತು. ಅದಕ್ಕೆ ಏನಾದರೂ ಆದರೆ ನಾನು ಎದ್ದು ಹೋಗುವ ದಾರಿಯೇ ಇರಲಿಲ್ಲ. ಹತ್ತೊಂಬತ್ತು ವರ್ಷ ಇವರನ್ನೆಲ್ಲ ಇದರೊಳಗೆ ತುಂಬಿಸಿ 'ಇನ್ನೂ ಹತ್ತಿರ, ಇನ್ನೂ ಹತ್ತಿರ' ಎಂದು ಕೂಗಿದ್ದೆನಲ್ಲ ಎಂದು ಕನಿಕರವಾಯಿತು.

ತೊಡೆಯ ಮೇಲಿದ್ದ ಫೋನಿನಲ್ಲಿ ಇಡೀ ಸಂಘ ಬೆಂಕಿಪೊಟ್ಟಣದಷ್ಟಾಗಿ ಕಾಣುತ್ತಿತ್ತು. ಒತ್ತಿದೆ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದೆ. ಹಾಲ್ ತುಂಬ ಒಂದು ವಿಚಿತ್ರ ಮೌನ. ಯಾರೂ ಅಲುಗಾಡುತ್ತಿಲ್ಲ, ಯಾರೂ ಉಸಿರು ಬಿಡುತ್ತಿಲ್ಲ. ಆಗ ಹೊಳೆಯಿತು: ಇಷ್ಟು ವರ್ಷ ಇವರೆಲ್ಲ ನನ್ನ ಹಳೆಯ ಕ್ಯಾಮೆರಾದ ಖಟಕ್ ಕೇಳುವವರೆಗೆ ಹೊಟ್ಟೆ ಒಳಗೆಳೆದುಕೊಂಡು ಕೂತು, ಕೇಳಿದ ಮೇಲೆ ಬಿಡುತ್ತಿದ್ದರು. ಈಗ ಬಿಡುಗಡೆಯ ಸದ್ದೇ ಇಲ್ಲ.

ಮುಂದಿನ ಸಾಲಿನಿಂದ ಅಧ್ಯಕ್ಷೆ, ಕಲ್ಯಾಣದ ನಿವೃತ್ತ ಶಿಕ್ಷಕಿ, ತುಟಿ ಅಲುಗಿಸದೆ ಕೇಳಿದರು, "ತಗದೀರೇನ್ರಿ?"

"ತೆಗೀತಾ ಇದ್ದೀನಿ ಮೇಡಂ."

"ಲಗೂ ತಗೀರಿ. ಬಿಪಿ ಗುಳಿಗಿ ಊಟಕ್ಕ ಮೊದಲು ತಗೋಬೇಕು ನಾ."

ಬಲಗಡೆಯಿಂದ ಕಾರ್ಯದರ್ಶಿಯವರ ಸಣ್ಣ ಧ್ವನಿ: "ಬಾಯಲ್ಲಾದ್ರೂ ಒಂದು ಖಟಕ್ ಹೇಳಿ ಮಾರಾಯ್ರೆ. ಹೊಟ್ಟೆ ಎಷ್ಟು ಹೊತ್ತು ಒಳಗೆ ಇಟ್ಕೊಳ್ಳುದು?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಗು ಮುಂದಿನ ಸಾಲಿಗೆ ಇಳಿಯಿತು. ಹೆಂಡತಿಯೂ ನಕ್ಕಳು, ಅವಳ ಭುಜ ಕುಲುಕುವುದು ನನ್ನ ಭುಜಕ್ಕೆ ತಿಳಿಯಿತು. ನಾನು ಬಿಡದೆ ಒತ್ತುತ್ತಲೇ ಇದ್ದೆ. ಆಮೇಲೆ ಬಾಯಲ್ಲೇ "ಖಟಕ್" ಅಂದೆ. ಐವತ್ತಮೂರು ಹೊಟ್ಟೆಗಳು ಒಟ್ಟಿಗೆ ಸಡಿಲವಾದವು.

ಆವತ್ತು ನಾನು ಮೊದಲ ಪಂಕ್ತಿಯಲ್ಲಿ ಉಂಡೆ. ಪಾಯಸ ಬಿಸಿಯಾಗಿರುತ್ತದೆ ಎಂಬುದು ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ತಿಳಿಯಿತು. ಬ್ಯಾಟರಿ ಅರ್ಧ ಉಳಿದಿತ್ತು. ಸ್ಟ್ಯಾಂಡು ಕುಸಿಯಲಿಲ್ಲ, ಬ್ಯಾನರು ಕಳಚಲಿಲ್ಲ, ಫೋನು ಮಾತು ಬಿಡಲಿಲ್ಲ, ಭೂಮಿ ನಡುಗಲಿಲ್ಲ. ಚೀಲ ಮನೆಗೆ ಬಂತು.

ಸಂಜೆ ಚಹಾ ಹಿಡಿದುಕೊಂಡು ಹೆಂಡತಿ ಲ್ಯಾಪ್‌ಟಾಪಿನ ಮುಂದೆ ನನ್ನ ಪಕ್ಕ ಬಂದು ಕೂತಳು. ಒಟ್ಟು ಹದಿನಾಲ್ಕು ಚಿತ್ರ. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆವು. ಹಳೆಯ ಕ್ಯಾಮೆರಾದಲ್ಲಿ ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಬೆಂಚಿನ ತುದಿಯವರ ಕನ್ನಡಕದ ಹಿಂದಿನ ರೆಪ್ಪೆಗೂದಲು ಕೂಡ ಎಣಿಸಬಹುದಿತ್ತು. ಐವತ್ತಮೂರು ಜನರ ಕಣ್ಣೂ ತೆರೆದಿದ್ದವು, ಎಲ್ಲವೂ ನೇರ ಕ್ಯಾಮೆರಾದ ಕಡೆಗೆ. ನಗು ಬಂದ ಕ್ಷಣದ ಚಿತ್ರದಲ್ಲಿ ನನ್ನ ಹೆಂಡತಿ ಹತ್ತು ವರ್ಷ ಚಿಕ್ಕವಳಂತೆ ಕಾಣುತ್ತಿದ್ದಳು.

"ಇನ್ನೊಂದು ಸಲ ಮೊದಲಿಂದ ತೋರಿಸಿ," ಅಂದಳು.

ತೋರಿಸಿದೆ. ಒಂದರಿಂದ ಹದಿನಾಲ್ಕರವರೆಗೆ, ನಿಧಾನವಾಗಿ. ಅವಳ ಪಕ್ಕದ ಕುರ್ಚಿಯಲ್ಲಿ ಪ್ರತಿಯೊಂದರಲ್ಲೂ ಒಂದು ನುಣ್ಣನೆಯ ನೆತ್ತಿ ಮಾತ್ರ ಇತ್ತು. ಹದಿನಾಲ್ಕರಲ್ಲೂ ನಾನು ತಲೆ ತಗ್ಗಿಸಿ, ಎಲ್ಲರ ಕಣ್ಣು ತೆರೆದಿವೆಯೇ ಎಂದು ಫೋನಿನಲ್ಲಿ ನೋಡುತ್ತ ಕೂತಿದ್ದೆ.