ಮ್ಯಾನೇಜರ್ ಕಿತ್ತ ಬ್ಯಾರಿಯರ್

ಎರಡು ಸಾವಿರದ ಇಸವಿಯ ಆಸುಪಾಸು, ಮಲ್ಲೇಶ್ವರಂ ಆಫೀಸಿನಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳಾದ ಕರ್ನಲ್‌ಗೆ ಕೋಡ್ ಬರೆಯುತ್ತಿದ್ದೆ. ಒಂದು ಪ್ರೊಸೆಸರ್ ಡೇಟಾ ಬರೆದಿಟ್ಟು 'ರೆಡಿ' ಫ್ಲಾಗ್ ಏರಿಸುತ್ತಿತ್ತು. ಇನ್ನೊಂದು ಅದನ್ನು ನೋಡಿ ಸರದಿ ಕಾಯಿಸುವ ಲಾಕ್ ಇಲ್ಲದೆಯೇ ಓದುತ್ತಿತ್ತು. ಡೇಟಾಗಿಂತ ಮೊದಲೇ ಫ್ಲಾಗ್ ಕಾಣಿಸಿಬಿಡಬಾರದೆಂದು ಎರಡೂ ಕಡೆ, ಹಿಂದುಮುಂದಾಗದಂತೆ ಕ್ರಮ ಕಾಯುವ ಒಂದೊಂದು ಸಾಲು ಬ್ಯಾರಿಯರ್ ಹಾಕಿದ್ದೆ.

ಮ್ಯಾನೇಜರ್ ಅವನ್ನು ಕಿತ್ತರು. "ನಮ್ಮ ಮಷೀನಲ್ಲಿ ಇದಿಲ್ದೇನೂ ಓಡ್ತಿದೆ ಮೇಡಂ. ನೀವು ಕಾನ್ವೆಂಟ್‌ನೋರು, ಎಲ್ರನ್ನೂ ಲೈನಲ್ಲಿ ನಿಲ್ಲಿಸ್ತೀರಿ," ಅಂದರು. ಟೀಮೆಲ್ಲ ನಕ್ಕಿತು.

"ಕಸ್ಟಮರ್ ಪ್ರೊಸೆಸರ್ ಬೇರೆ ಥರದ್ದು, ಸರ್, ಅದು ಕ್ರಮ ಹಿಂದುಮುಂದು ಮಾಡುತ್ತೆ," ಅಂದೆ.

ಡೆಮೋ ದಿನ ಕಸ್ಟಮರ್ ಎದುರೇ, ಅವರ ಮಷೀನಿನಲ್ಲಿ, ಫ್ಲಾಗ್ ಏರಿದ್ದರೂ ಹಳೇ ಡೇಟಾ ಬಂತು. ವಾರವೆಲ್ಲ ಹುಡುಕಿ ಸೋತು ಮ್ಯಾನೇಜರ್ ನನ್ನ ಟೇಬಲ್ಲಿಗೆ ಬಂದರು. ಟೀಮಿನೆದುರು ಡಿಕ್ಟೇಟ್ ಮಾಡಿ ಅವರ ಕೈಯಲ್ಲೇ ಎರಡೂ ಸಾಲು ಬರೆಸಿದೆ, ತೆಗೆದವರು ಯಾರೆಂಬ ಕಾಮೆಂಟ್ ಸಮೇತ. ಅಷ್ಟು ಸ್ವೀಟ್ ಆದ ಸಂಜೆ ಮತ್ತೆ ಬರಲಿಲ್ಲ.