ಪಿಟೀಲಿನ ಮರೆಯಲ್ಲಿ ಕೇಳಿಸದ ಕೂಗು

ವಾರಪತ್ರಿಕೆಗೆ ಪತ್ತೇದಾರಿ ಧಾರಾವಾಹಿ ಬರೆಯುತ್ತಿದ್ದ ಆಕೆಯನ್ನು ಬೀದಿಯವರೆಲ್ಲ ಪತ್ತೇದಾರಮ್ಮ ಎಂದೇ ಕರೆಯುತ್ತಿದ್ದರು. ಕಥೆಯಲ್ಲಿ ಹೆಣದ ಮೇಲೆ ಹೆಣ ಉರುಳಿಸುವ ಹೆಂಗಸು, ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತುವವಳು.

ಬರೆಯಲು ಕೂತರೆ ಕಿವಿಗೆ ಇಯರ್‌ಫೋನ್ ಬೇಕೇ ಬೇಕು. ಹಾಡು ಆಗುತ್ತಿರಲಿಲ್ಲ. ಒಮ್ಮೆ ಹಾಡು ಕೇಳುತ್ತ ಬರೆದಾಗ ಇನ್‌ಸ್ಪೆಕ್ಟರ್ ಸಾಹೇಬರು ಕಳ್ಳನಿಗೆ "ನಿನ್ನ ನೆನಪಲ್ಲೇ ಸೊರಗಿದೆ" ಎಂದುಬಿಟ್ಟಿದ್ದರು. ಅದು ಹಾಗೇ ಅಚ್ಚೂ ಆಗಿತ್ತು. ಮಾತಿಲ್ಲದ ವಾದ್ಯಸಂಗೀತವಾದರೆ ಬೀದಿಯ ಗದ್ದಲ, ಕುಕ್ಕರಿನ ಕೂಗು ಎಲ್ಲ ದೂರ ಸರಿದು, ವಾಕ್ಯಗಳು ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದವು.

ಆ ಮಧ್ಯಾಹ್ನ ಪಿಟೀಲು ಕೇಳುತ್ತ, ಕೊಲೆಗಾರ ಮೆಟ್ಟಿಲು ಹತ್ತುವುದನ್ನು ಬರೆಯುತ್ತಿದ್ದಳು. ಒಂದು ರಾಗ ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಎಲ್ಲೋ ತಗಡು ಬಡಿದಂತಾಯಿತು. ಇಯರ್‌ಫೋನ್ ಕಿತ್ತು ಓಡಿದಳು. ಬಚ್ಚಲುಮನೆಯ ಬಾಗಿಲು ತಳ್ಳಿದರೆ, ಬಸ್ ಮೆಕ್ಯಾನಿಕ್ ಆಗಿ ನಿವೃತ್ತನಾಗಿದ್ದ ಗಂಡ ಸೊಂಟ ಮುರಿದುಕೊಂಡು ನೆಲದ ಮೇಲೆ ಬಿದ್ದಿದ್ದ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿ, ಚೊಂಬಿನಿಂದ ಬಕೆಟ್ ಬಡಿಯುತ್ತಿದ್ದ. ತಲೆಯ ಕೆಳಗಿನ ನೀರು ಕೆಂಪಾಗಿತ್ತು.

ಆಪರೇಷನ್ ಮುಗಿಸಿಕೊಂಡು ಅವನು ಮನೆಗೆ ಬಂದ. ಜೊತೆಗೆ ಭಯವೂ ಬಂದು ಝಾಂಡಾ ಊರಿತು. ಇಯರ್‌ಫೋನ್ ಹಾಕಿದರೆ ತಬಲಾದ ಪೆಟ್ಟೆಲ್ಲ ಚೊಂಬಿನ ಬಡಿತವೇ. ತೆಗೆದಿಟ್ಟರೆ ಮೌನವೇ ಮೈಮೇಲೆ ಬರುತ್ತಿತ್ತು. ಫ್ರಿಜ್ ಗುಂಯ್ ಎಂದರೆ, ನಲ್ಲಿ ತೊಟ್ಟಿಕ್ಕಿದರೆ ಎದ್ದು ಓಡುವಳು. ಅವನು ಮಲಗಿದ್ದರೆ ಹೊದಿಕೆ ಏರಿಳಿಯುತ್ತಿದೆಯೇ ಎಂದು ತನ್ನ ಉಸಿರು ಬಿಗಿಹಿಡಿದು ನೋಡುವಳು. ಕಥೆಯಲ್ಲಿ ಕೊಲೆಗಾರ ಮೆಟ್ಟಿಲ ಮೇಲೇ ನಿಂತುಬಿಟ್ಟ. ಸಂಪಾದಕರು ಫೋನ್ ಮಾಡಿ, ಅವನಿಗೂ ಕಾಲುನೋವು ಬಂತೇನಮ್ಮ ಎಂದು ತಮಾಷೆ ಮಾಡಿದರು. ಆಕೆಗೆ ನಗು ಬರಲಿಲ್ಲ. ಇನ್ನು ತನ್ನ ಕೈಯಲ್ಲಿ ಬರೆಯಲಾಗುವುದೇ ಇಲ್ಲವೇನೋ ಎನಿಸಿತು.

ಕೊನೆಗೆ ರೋಸಿಹೋದವನು ಗಂಡ.

"ಈ ಮನೇಲಿ ಕೆಮ್ಮೋದಕ್ಕೂ ಹೆದರಬೇಕಾಗಿದೆ ನಾನು. ನನ್ನ ಮಂಚ ನಿನ್ನ ಕೋಣೇಲೇ ಹಾಕ್ಸು."

ಬೆನ್ನ ಹಿಂದೆ ಯಾರಾದರೂ ಇದ್ದರೆ ತನಗೆ ಒಂದಕ್ಷರ ಬರುವುದಿಲ್ಲವೆಂದು ಆಕೆ ಗೊಣಗಿದರೂ, ಪಕ್ಕದ ಮನೆಯವರನ್ನು ಕರೆದು ಮಂಚ ಹಾಕಿಸಿದಳು. ಅವನು ಮೊಬೈಲನ್ನು ಎದೆಯ ಮೇಲಿಟ್ಟುಕೊಂಡು ಸಣ್ಣಗೆ ಪಿಟೀಲು ಹಾಕುವನು. ಅವನಿಗೆ ಅದು ಬೇರಿಂಗ್ ಸವೆದ ಸದ್ದಿನಂತೆ ಕೇಳುತ್ತಿತ್ತಂತೆ. ಆಕೆ ಒಂದು ಸಾಲು ಬರೆದು ಒಮ್ಮೆ ತಿರುಗಿ ನೋಡುವಳು. ಮೊದಲಿನ ಓಟ ಹೋಯಿತು, ಕುಂಟುತ್ತಲೇ ಬರವಣಿಗೆ ಸಾಗಿತು.

ಕೊಲೆಗಾರ ಅಂತೂ ಕೊನೆಯ ಮೆಟ್ಟಿಲಿಗೆ ಬಂದ ದಿನ ಸಂಗೀತ ಥಟ್ಟನೆ ನಿಂತಿತು. ಹಿಂದೆ ಒಂದು ಉಸಿರಿನ ಸದ್ದೂ ಇಲ್ಲ. ಪೆನ್ನು ಅರ್ಧ ಅಕ್ಷರಕ್ಕೇ ನಿಂತಿತು. ತಿರುಗಿ ನೋಡುವ ಧೈರ್ಯ ಸಾಲಲಿಲ್ಲ.

"ರೀ..."

"ಚಾರ್ಜ್ ಮುಗೀತು ಕಣೇ. ನಾನಿದೀನಿ. ನೀನು ಬರಿ."

ಎದ್ದು ಚಾರ್ಜರ್ ಸಿಕ್ಕಿಸಿ ಬಂದು ಕೂತಳು. ಹಾಳೆಗಿಂತ ಹೆಚ್ಚಾಗಿ ಅವನನ್ನೇ ತಿರುಗಿ ನೋಡುತ್ತ ಬರೆದಳು. ಆ ವಾರದ ಕಂತಿನ ಅಕ್ಷರ ಬಿಡಿಸಿ ಓದಲು ಸಂಪಾದಕರು ತಿಣುಕಾಡಿದರಂತೆ.