ರ‍್ಯಾಂಪಿನ ಮೇಲೆ ಹರವಿದ ಭತ್ತ

ಕಾಲುವೆ ನೀರು ಬಂದ ಮೇಲೆ ಶಹಾಪುರದ ಸುತ್ತ ಎಲ್ಲರೂ ಭತ್ತ ಹಚ್ಚತೊಡಗಿದರು. ಅದನ್ನು ಒಣಗಿಸಲು ಸಿಮೆಂಟು ಕಂಡಲ್ಲೆಲ್ಲ ಕಣವಾಯಿತು. ನನ್ನಂತೆ ಕಾಲು ಸ್ವಾಧೀನವಿಲ್ಲದವರಿಗಾಗಿ ತಾಲ್ಲೂಕು ಕಚೇರಿಯ ಮುಂದೆ ಹೊಸದಾಗಿ ಕಟ್ಟಿದ್ದ ರ‍್ಯಾಂಪನ್ನೂ ಬಿಡಲಿಲ್ಲ.

ಅಂದು ಮಾಸಾಶನಕ್ಕಾಗಿ ಆಧಾರ್‌ಗೆ ಬೆರಳೊತ್ತಲು ಕೊನೆಯ ದಿನ. ಮೂರು ಗಾಲಿಯ ಸೈಕಲ್ಲನ್ನು ಕೈಯಿಂದ ತಿರುಗಿಸುತ್ತ ನಾನು ಮುಟ್ಟುವಷ್ಟರಲ್ಲಿ ಕಚೇರಿ ಮುಚ್ಚುವ ಹೊತ್ತಾಗಿತ್ತು. ರ‍್ಯಾಂಪಿನ ತುಂಬ ಭತ್ತ. ಅದನ್ನು ಕಾಯುತ್ತಿದ್ದ ಮುದುಕಿ ಅಡ್ಡ ನಿಂತಳು.

"ಅನ್ನದ ಮ್ಯಾಲ ಗಾಲಿ ಹಾಯಿಸಬ್ಯಾಡ ತಮ್ಮಾ. ಪಾಪ ಬರ್ತದ."

"ತೊಗರಿ ಕಾಳು ಬಿಡಿಸಾಕ ರಸ್ತೆದಾಗ ಲಾರಿ ಗಾಲಿಗೆ ಹಾಸ್ತೀರಲ್ಲ ಯವ್ವಾ, ಆಗ ಬರಂಗಿಲ್ಲೇನು ಪಾಪ?"

ಅಲ್ಲೇ ನಿಂತಿದ್ದ ಇಬ್ಬರು ಗಂಡಸರು ತೋಳು ಏರಿಸಿಕೊಂಡು ಬಂದರು. "ಜಗಳ ಯಾಕ್ರಿ? ನಾವು ಎತ್ತಿ ಒಳಗ ಕುಂದ್ರಸ್ತೀವಿ."

ಜೋಳದ ಚೀಲದಂತೆ ಎತ್ತಿಸಿಕೊಂಡು ನನಗೆ ಸಾಕಾಗಿಹೋಗಿತ್ತು. "ಮುಟ್ಟಬ್ಯಾಡ್ರಿ" ಎಂದೆ. ಒಳಗೆ ಕಿಟಕಿಯೊಂದು ಮುಚ್ಚಿದ ಸದ್ದಾಯಿತು. ಮುಂದಿನ ಗಾಲಿಯನ್ನು ಭತ್ತದ ಅಂಚಿಗೆ ತಂದು ಬ್ರೇಕು ಹಿಡಿದೆ. ಗಂಡಸರು ಹಿಂದೆ ಸರಿದರು.

ಮುದುಕಿ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಎರಡೂ ಕೈಯಿಂದ ಭತ್ತ ಸರಿಸುತ್ತ ಮೇಲಿನ ಬಾಗಿಲವರೆಗೂ ಹೋದಳು. ಏದುಸಿರು ಬಿಡುತ್ತ ತಿರುಗಿ, "ಈಗ ಬಾರಪ್ಪ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಒಬ್ಬ ಮನುಷ್ಯ ನಡೆದು ಹೋಗುವಷ್ಟೇ ಅಗಲದ ದಾರಿ ಮಾಡಿದ್ದಳು. ನಡೆಯುವವರಿಗೆ ಪಕ್ಕದಲ್ಲೇ ಮೆಟ್ಟಿಲುಗಳಿದ್ದವು.